ಸರ್ಕಸ್ಸಿಗೆ ಒಬ್ಬೊಬ್ಬರೇ ಬಂದವರು

ಆನೆ ಸ್ಟೂಲಿನ ಮೇಲೆ ಮುಂಗಾಲಿಡುವುದಕ್ಕೂ ಮುರಗೆಪ್ಪ ಗ್ಯಾಲರಿಯ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು. ಡೇರೆಯೊಳಗಿನ ಜನರೆಲ್ಲ ಆನೆಯನ್ನು ನೋಡಿದರೆ ಸತ್ಯಪ್ಪನೊಬ್ಬ ಮುರಗೆಪ್ಪನನ್ನು ನೋಡಿದ. ಕೆಂಪು ರುಮಾಲು, ಕಂಕುಳಲ್ಲಿ ಕಾಗದಪತ್ರದ ಚೀಲ. ಜುಗೂಳದ ಈ ಹಿರಿಯ, ಕೋರ್ಟಿನ ತಾರೀಖಿಗೆ ಚಿಕ್ಕೋಡಿಗೆ ಬಂದವನು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಸರ್ಕಸ್ಸಿಗೆ ನುಗ್ಗಿದ್ದ. ಸತ್ಯಪ್ಪನ ತಂಗಿ ಸುಂದರಾಳನ್ನು ಇವನ ಮಗನಿಗೇ ಕೊಡುವ ಮಾತಾಗಿತ್ತು. ಸೋಮವಾರ ಸಕ್ಕರೆ ಹಂಚಿ ನಿಶ್ಚಯ ಮಾಡುವುದೊಂದೇ ಬಾಕಿ.

ಸತ್ಯಪ್ಪನ ಮಗ್ಗುಲಲ್ಲಿ, ಅವನದೇ ಕಂಬಳಿಯ ಮೇಲೆ, ರಾಜಾರಾಮ ಕೂತಿದ್ದ. ಬೇಡಕಿಹಾಳದ ದನದ ದವಾಖಾನೆಯ ಕಂಪೌಂಡರ್. ಮನೆ ಊರ ಹೊರಗಿನ ಕೇರಿಯಲ್ಲಿ. ಕುರಿಗೆ ಬೇನೆ ಬಂದಾಗ ಊರಿಗೆ ಊರೇ ಅವನನ್ನು ಡಾಕ್ಟರ್ ಎನ್ನುತ್ತಿತ್ತು. ಬೇನೆ ವಾಸಿಯಾಯಿತೋ, ಮತ್ತೆ ಕೇರಿಯ ರಾಜ್ಯಾ. ಸತ್ಯಪ್ಪ ಹಾಗಲ್ಲ. ಚಿಕ್ಕಂದಿನಿಂದ ಜೊತೆಗೆ ಕಲಿತವನು, ಅಡವಿಯಲ್ಲಿ ಕುರಿ ಮೇಯುವಾಗ ಅವನ ಬಾಯಿಯ ಬೀಡಿಯನ್ನೇ ಇಸಿದುಕೊಂಡು ಸೇದುವವನು. ಆದರೆ ಊರ ಅಗಸಿಬಾಗಿಲು ಹತ್ತಿರ ಬಂತೆಂದರೆ ಸತ್ಯಪ್ಪನ ಕಾಲು ಚುರುಕಾಗುತ್ತಿತ್ತು, ರಾಜಾರಾಮನ ಚಪ್ಪಲಿಯಲ್ಲಿ ಏನಾದರೂ ಹರಳು ಸಿಗುತ್ತಿತ್ತು. ಇಬ್ಬರೂ ಬೇರೆ ಬೇರೆಯಾಗಿ ಊರು ಹೊಗುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟೇ.

ಗ್ಯಾಲರಿಯ ಹಲಗೆಯಲ್ಲಿ ಮೊಳೆ ಎದ್ದಿವೆಯೆಂದು ಕಂಬಳಿ ಹಾಸಿದವನು ಸತ್ಯಪ್ಪನೇ.

"ಅಲ್ಲೋ, ಕುರುಬರ ಕಂಬಳಿ. ದೇವರ ಗದ್ದಿಗಿ ಹಾಕೂದು. ನಾ ಕುಂತರ ನಡೀತೈತೇನ?" ಎಂದು ರಾಜಾರಾಮ ನಕ್ಕಿದ್ದ.

"ದೇವರು ಯಾವತ್ತರ ನನಗ ಟಿಕೇಟ ತಗಸ್ಯಾನೇನ? ನೀ ತಗಸೀದಿ. ಸುಮ್ನ ಕುಂಡ್ರಲೇ."

ಅಷ್ಟು ಠೀವಿಯಿಂದ ಹೇಳಿದವನಿಗೆ ಈಗ ಮುರಗೆಪ್ಪನ ರುಮಾಲು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರುತ್ತಿರುವುದನ್ನು ಕಂಡು ಜೀವ ಬಾಯಿಗೆ ಬಂತು. ಹೆಣ್ಣು ನೋಡಲು ಬಂದ ದಿನ ಮುರಗೆಪ್ಪ ಮೂರು ತಲೆಮಾರಿನ ಮಡಿ ಮೈಲಿಗೆ ವಿಚಾರಿಸಿದ್ದ. "ನಮಗ ರೊಕ್ಕ ಬ್ಯಾಡ, ಮನಿತನ ಶುದ್ಧ ಇರಬೇಕು ನೋಡ್ರಿ" ಎಂದಿದ್ದ. ಎರಡು ಕಡೆ ಮುರಿದು ಮೂರನೆಯದಕ್ಕೆ ಕೂಡಿದ ಸಂಬಂಧ ಅದು. ಸುಂದರಾ ಆಗಲೇ ಗೆಳತಿಯರಿಗೆಲ್ಲ ಸಾರಿಬಿಟ್ಟಿದ್ದಳು.

ಸತ್ಯಪ್ಪನ ಕೈ ಕಂಬಳಿಯ ಅಂಚು ಹಿಡಿದು ತನ್ನ ಕಡೆಗೆ ಸ್ವಲ್ಪ ಎಳೆಯಿತು. ಸ್ವಲ್ಪವೇ. ರಾಜಾರಾಮ ಆ ಕೈಯನ್ನು ನೋಡಿದ, ಮೆಟ್ಟಿಲ ಕಡೆ ನೋಡಿದ, ಎದ್ದು ಕೆಳಗಿನ ಹಲಗೆಗೆ ಇಳಿದು ಕೂತ.

ಸತ್ಯಪ್ಪನಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

"ಏ ಸತ್ಯಪ್ಪಾ! ನೀ ಇಲ್ಲಿ ಹ್ಯಾಂಗೋ?" ಎನ್ನುತ್ತ ಮುರಗೆಪ್ಪ ಬಂದವನೇ ರಾಜಾರಾಮ ಎದ್ದ ಜಾಗದಲ್ಲಿ ಕಂಬಳಿಯ ಮೇಲೆ ಕೂತುಬಿಟ್ಟ. "ಯಾರ ಜೋಡಿ ಬಂದೀ?"

"ಒಬ್ಬನ ಬಂದೇನ್ರಿ ಬೀಗರ."

ಆ ಹೊತ್ತಿಗೆ ಬ್ಯಾಂಡು ಜೋರಾಗಿ ಬಾರಿಸುತ್ತಿತ್ತು. ಕೆಳಗಿನ ಹಲಗೆಗೆ ತನ್ನ ಮಾತು ಕೇಳಿರಲಿಕ್ಕಿಲ್ಲ ಎಂದು ಸತ್ಯಪ್ಪ ಸಮಾಧಾನ ಮಾಡಿಕೊಂಡ. ಆನೆ ಹೋಗಿ ಸೈಕಲ್ಲಿನ ಹುಡುಗಿಯರು ಬಂದರು. ಮುರಗೆಪ್ಪ ಶೇಂಗಾ ಕೊಂಡು ಅರ್ಧ ಇವನ ಕೈಗೆ ಸುರಿದ. ಸತ್ಯಪ್ಪನಿಗೆ ಸರ್ಕಸ್ಸಿನಲ್ಲಿ ಕಾಣುತ್ತಿದ್ದುದು ರಾಜಾರಾಮನ ಬೆನ್ನೊಂದೇ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಇವತ್ತಿಗೆಂದೇ ಹಾಕಿಕೊಂಡು ಬಂದದ್ದು.

ಜೋಕರ್ ಬಿದ್ದ, ಜನ ನಕ್ಕರು. ನಗುತ್ತ ಮುಂದೆ ಬಾಗಿದ ಮುರಗೆಪ್ಪ ಕೆಳಗಿದ್ದವನ ಮುಖವನ್ನು ಮಗ್ಗುಲಿನಿಂದ ಕಂಡ.

"ಏ, ನಮ್ಮ ಡಾಕ್ಟರ್ ಅಲ್ಲೇನು? ರಾಜಾರಾಮ! ಜುಗೂಳ ದವಾಖಾನ್ಯಾಗ ಇದ್ದಾಗ ನಮ್ಮ ಎಮ್ಮಿ ಉಳಿಸಿದಾಂವ!" ಎಂದು ಭುಜ ಮುಟ್ಟಿ ಕರೆದ. "ಅಲ್ಯಾಕ ಮೊಳಿ ಮ್ಯಾಲ ಕುಂತೀಯಪಾ? ಮ್ಯಾಲ ಬಾ, ಕಂಬಳಿ ಐತಿ."

ಸತ್ಯಪ್ಪನ ಕೈಯ ಶೇಂಗಾ ಕೈಯಲ್ಲೇ ಉಳಿಯಿತು. ತಾನು ಹೆದರಿದ್ದ ಮನುಷ್ಯನೇ ರಾಜಾರಾಮನ ಭುಜದ ಮೇಲೆ ಕೈಯಿಟ್ಟಿದ್ದ.

"ಇರ್ಲಿರಿ ಯಜಮಾನ್ರ," ಎಂದ ರಾಜಾರಾಮ. "ಇಲ್ಲಿಂದ ಚಲೋ ಕಾಣಸ್ತೈತಿ."

"ಯಾರ ಜೋಡಿ ಬಂದೀ?"

ರಾಜಾರಾಮ ಸತ್ಯಪ್ಪನ ಕಡೆ ತಿರುಗಲೇ ಇಲ್ಲ.

"ಒಬ್ಬನ ಬಂದೇನ್ರಿ."

ಅದೇ ಮಾತು, ಅದೇ ಧಾಟಿ. ಆಗ ಬಾಯಿ ತೆರೆದಿದ್ದರೆ ಆಗುತ್ತಿತ್ತು. ಸತ್ಯಪ್ಪ ತೆರೆಯಲಿಲ್ಲ. ಒಮ್ಮೆ ಒಬ್ಬನೇ ಎಂದವನು ಈಗ ಇಬ್ಬರು ಎನ್ನುವುದು ಹೇಗೆ?

ಮುರಗೆಪ್ಪ ಜುಗೂಳದ ಬಸ್ಸು ಹಿಡಿದ ಮೇಲೆ, ಬೇಡಕಿಹಾಳದ ಬಸ್ಸಿನಲ್ಲಿ ರಾಜಾರಾಮ ಎಂದಿನ ಹಾಗೇ ಮಾತಾಡಿದ. ಸೈಕಲ್ ಹುಡುಗಿಯನ್ನು ಹೊಗಳಿದ, ಹುಲಿಗೆ ಹೊಟ್ಟೆತುಂಬ ಹಾಕುತ್ತಿಲ್ಲ, ಪಕ್ಕೆಲುಬು ಕಾಣುತ್ತವೆ ಎಂದ. ಅವನು ಬೈಯಲಿ ಎಂದು ಸತ್ಯಪ್ಪ ದಾರಿಯುದ್ದಕ್ಕೂ ಕಾದ. ಬೈದರೆ ಕಾಲಿಗೆ ಬೀಳಲಾದರೂ ದಾರಿಯಿರುತ್ತಿತ್ತು. ರಾಜಾರಾಮ ಬೈಯಲಿಲ್ಲ.

ಸೋಮವಾರ ಸಕ್ಕರೆ ಹಂಚಿದ್ದಾಯಿತು. ಅದಾದ ಕೆಲವೇ ದಿನಕ್ಕೆ ಸತ್ಯಪ್ಪನ ಚೊಚ್ಚಲ ಕುರಿ ಈಯಲಾರದೆ ನರಳಿತು. ಕರೆ ಹೋದದ್ದೇ ತಡ, ರಾಜಾರಾಮ ಉರಿಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದ. ಅಡ್ಡ ತಿರುಗಿದ್ದ ಮರಿಯನ್ನು ಒಳಗೆ ಕೈಹಾಕಿ ನೇರ ಮಾಡಿ ಎಳೆದ. ತಾಯಿ, ಮರಿ ಎರಡೂ ಉಳಿದವು. ಅವನು ಸಾಬೂನಿನಿಂದ ಕೈ ತೊಳೆದುಕೊಂಡು ಕುಡಿಯಲು ನೀರು ಕೇಳಿದ.

ಸತ್ಯಪ್ಪನ ತಾಯಿ ಹೊಳೆವ್ವ ಯಾವಾಗಿನಂತೆ ಚರಿಗೆ ತಂದಳು. ಯಾವಾಗಿನಂತೆ ಎಂದರೆ, ಅವಳು ಮೇಲಿನಿಂದ ಸುರಿಯಬೇಕು, ಅವನು ಬೊಗಸೆಯೊಡ್ಡಿ ಕುಡಿಯಬೇಕು. ಅವನ ಕೈ ಕುರಿಯ ಹೊಟ್ಟೆಯೊಳಗೆ ಹೋಗಬಹುದಿತ್ತು, ಚರಿಗೆಗೆ ತಾಕುವಂತಿರಲಿಲ್ಲ.

ಸತ್ಯಪ್ಪ ಅವಳ ಕೈಯಿಂದ ಚರಿಗೆ ಕಸಿದು ರಾಜಾರಾಮನ ಮುಂದೆ ಹಿಡಿದ.

"ತಗೋ ರಾಜಾ. ನೀನ ಹಿಡಕೊಂಡ ಕುಡಿ."

"ಅಯ್ಯ ಯಪ್ಪಾ, ಏನ್ ಮಾಡಾಕತ್ತಿಯೋ!" ಎಂದಳು ಹೊಳೆವ್ವ.

ರಾಜಾರಾಮ ಚರಿಗೆಯನ್ನು ನೋಡಿದ. ಆಮೇಲೆ ಸತ್ಯಪ್ಪನನ್ನು ನೋಡಿದ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಹೊಳೆವ್ವನ ಕಡೆ ತಿರುಗಿ, ಮೊಣಕಾಲೂರಿ ಬೊಗಸೆಯೊಡ್ಡಿದ.

"ನೀನ ಹಾಕ ಯವ್ವಾ," ಎಂದ.

ಹೊಳೆವ್ವ ಚರಿಗೆ ಇಸಿದುಕೊಂಡು ಸುರಿಯತೊಡಗಿದಳು. ಅವನು ಕಣ್ಣು ಮುಚ್ಚಿ ನಿಧಾನವಾಗಿ ಕುಡಿದ. ಒಂದಿಷ್ಟು ನೀರು ಅವನ ಮೊಣಕೈಗುಂಟ ಇಳಿದು ಹಟ್ಟಿಯ ಹಿಕ್ಕೆಯ ಮೇಲೆ ಬೀಳುತ್ತಿತ್ತು. ಸತ್ಯಪ್ಪ ಬರಿಗೈಯಲ್ಲಿ ನಿಂತಿದ್ದ.