ಕಾಶಿನಾಥ, ವಯಸ್ಸು ಹನ್ನೊಂದು

ಆಮೆ ಧ್ಯಾನದಲ್ಲಿದೆ ಎಂದೇ ಕಾಶಿನಾಥರು ಹತ್ತು ದಿನ ನಂಬಿದ್ದರು.

ಹಾಗೆ ನಂಬುವುದಕ್ಕೆ ಕಾರಣವೂ ಇತ್ತು. ಅವರ ಊರ ಕಡೆ ಶಿವನ ಗುಡಿಯಲ್ಲಿ ಬಸವಣ್ಣನ ಮುಂದೆ, ನೆಲದ ಕಲ್ಲಿನಲ್ಲಿ, ಒಂದು ಆಮೆಯನ್ನು ಕೆತ್ತಿರುತ್ತಾರೆ. ಅದಕ್ಕೆ ನಮಸ್ಕಾರ ಮಾಡಿಯೇ ಒಳಗೆ ಹೋಗಬೇಕು. ಆಮೆ ತಲೆ ಕಾಲುಗಳನ್ನು ಒಳಗೆಳೆದುಕೊಳ್ಳುವಂತೆ ನೀನೂ ಇಂದ್ರಿಯಗಳನ್ನು ಎಳೆದುಕೊಂಡು ಬಾ ಎಂದು ಅದರ ಅರ್ಥ. ಚಿಕ್ಕಂದಿನಲ್ಲಿ ಮಠದ ಅಯ್ಯನವರು ಹೇಳಿಕೊಟ್ಟದ್ದು. ಹೆಂಡತಿ ದಾಕ್ಷಾಯಣಿ ಲಿಂಗೈಕ್ಯಳಾದ ಮರುದಿನದಿಂದ ಅವಳು ಸಾಕಿದ ಆಮೆ ಬೆಂಗಳೂರಿನ ಅಬ್ಬಿಗೆರೆಯ ಮನೆಯ ಹಿತ್ತಲಿನಲ್ಲಿ ನೀರಿನ ಡ್ರಮ್ಮಿನ ಹಿಂದೆ ಸೇರಿ, ತಲೆ ಒಳಗೆಳೆದುಕೊಂಡು ಕೂತುಬಿಟ್ಟಿತು. ಕಾಶಿನಾಥರು ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೋಗಿ ನೋಡುವರು. ಮೂಕಪ್ರಾಣಿಗಿರುವ ನಿಗ್ರಹ ತಮಗಿಲ್ಲವಲ್ಲ ಎಂದು ನಾಚಿಕೆಯಾಗುತ್ತಿತ್ತು. ತಾವಾದರೋ ಪೂಜೆಗೆ ಕೂತಾಗಲೂ ಅಡಿಗೆಮನೆಯಲ್ಲಿ ಏನಾದರೂ ಸದ್ದಾದೀತೇ ಎಂದು ಕಿವಿ ಕೊಡುತ್ತಿದ್ದರು.

ಮೊದಲು ಅದು ಹೀಗೆ ಕೂರುವ ಆಮೆಯೇ ಅಲ್ಲ. ಆರು ವರ್ಷದ ಹಿಂದೆ ಮಹಡಿ ಮನೆಯ ಜೀಷಾನ್ ದುಬೈಗೆ ಹೊರಟಾಗ ಕಾಗದಪತ್ರ ಸಮೇತ ಒಪ್ಪಿಸಿ ಹೋದ ವಿದೇಶದ ಜಾತಿ. ಕಪ್ಪು ಚಿಪ್ಪು, ಕಾಲುಗಳ ಮೇಲೆ ಕುಂಕುಮ ಉದುರಿದಂತೆ ಕೆಂಪು ಚುಕ್ಕೆ. ದಾಕ್ಷಾಯಣಿ ಬಟ್ಟೆ ಒಗೆದರೆ ಒಗೆಯುವ ಕಲ್ಲಿನ ಬಳಿ, ಮೆಂತ್ಯದ ಸೊಪ್ಪು ಬಿಡಿಸಿದರೆ ಮೊರದ ಬಳಿ, ಹೀಗೆ ಅವಳ ಹಿಂದೆ ಹಿಂದೆಯೇ ತಿರುಗುತ್ತಿತ್ತು. ಅವಳು ಗಲ್ಲದ ಕೆಳಗೆ ಬೆರಳಾಡಿಸಿದರೆ ಕತ್ತನ್ನು ಗೇಣುದ್ದ ಚಾಚಿ ಕಣ್ಣು ಮುಚ್ಚುತ್ತಿತ್ತು.

"ಇದೇನು, ಆಮಿಯೋ ನಾಯಿಯೋ?" ಎಂದು ಕಾಶಿನಾಥರು ಕೇಳಿದ್ದರು.

"ಯಾವದರ ಇರ್ಲಿ, ಕರದ್ರ ಬರ್ತದ," ಎಂದಿದ್ದಳು ಅವಳು.

ಆ ಮಾತು ತಮಗೇ ತಾಗಿಸಿ ಹೇಳಿದ್ದಿರಬಹುದು ಎಂದು ಆಗ ಅವರಿಗೆ ತೋಚಿರಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದು ಬಂದವರೆಲ್ಲ ಹೊರಟರು. ದಾಕ್ಷಾಯಣಿಯ ಅಕ್ಕ ಈರವ್ವ ಒಬ್ಬರೇ ಇನ್ನೆರಡು ವಾರ ಇದ್ದು ಹೋಗುವುದಾಗಿ ಉಳಿದರು. ಹಿತ್ತಲು ಗುಡಿಸಲು ಹೋದವರು ಆಮೆಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು.

"ಇದು ಹಗರಾಗೇದಲ್ರೀ. ಏನು ಹಾಕ್ತೀರಿ ಇದಕ್ಕ?"

"ಏನೂ ಮುಟ್ಟವಲ್ದು ಅಕ್ಕಾರ. ಧ್ಯಾನಕ್ಕ ಕುಂತದ."

"ಯಾರು, ಇದಾ? ನಿಮಗೂ ಬುದ್ಧಿ ಅದ ಅಂತೀನಿ. ಉಪವಾಸ ಬಿದ್ದದ ಇದು. ಮೊದಲ ದವಾಖಾನಿಗೆ ಒಯ್ರಿ."

ಕಾಶಿನಾಥರು ಆಮೆಯನ್ನು ಈರವ್ವನ ಕೈಯಿಂದ ತೆಗೆದುಕೊಂಡರು. ಹತ್ತು ದಿನ ತಾವು ಕೈಮುಗಿದು ನೋಡಿದ್ದು ಹಸಿವನ್ನೇ? ದಾಕ್ಷಾಯಣಿಯ ಕೈಚೀಲದಲ್ಲಿ ಗಂಗಾನಗರದ ಪ್ರಾಣಿಗಳ ದವಾಖಾನೆಯ ಚೀಟಿ ಸಿಕ್ಕಿತು. ಹಳೆಯ ರೊಟ್ಟಿ ಬುಟ್ಟಿಯಲ್ಲಿ ಟವೆಲು ಹಾಸಿ, ಆಮೆಯನ್ನು ಅದರಲ್ಲಿಟ್ಟು ಮಂಗಳವಾರ ಬೆಳಿಗ್ಗೆ ಆಟೋ ಹತ್ತಿದರು.

ದವಾಖಾನೆಯಲ್ಲಿ ಎರಡು ನಾಯಿ, ಒಂದು ಗಿಳಿ ಮುಂದಿದ್ದವು. ಚೀಟಿ ಕೊಟ್ಟು ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಮೇಜಿನ ಹಿಂದಿದ್ದ ಮುಜಫ್ಫರ್ ಎಂಬಾತ ಕಡತ ನೋಡಿ ಕೂಗಿದ:

"ಕಾಶಿನಾಥ!"

"ಬಂದೆ," ಎಂದು ಇವರು ಎದ್ದರು.

"ನೀವಲ್ಲ ಅಂಕಲ್, ಪೇಷಂಟ್. ಕಾಶಿನಾಥನ್ನ ಎತ್ಕೊಂಡು ಒಳಗೆ ಹೋಗಿ." ಬುಟ್ಟಿಯ ಮುಚ್ಚಳ ತೆಗೆದು ಆತ ಆಮೆಯ ಬೆನ್ನಿನ ಮೇಲೆ ತಟ್ಟಿದ. "ಏನ್ ಗುರು, ಸಪ್ಪಗಿದೀಯ? ಅಮ್ಮ ಬರ್ಲಿಲ್ವಾ ಈ ಸಲ?"

ಕಾಶಿನಾಥರು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಡಾಕ್ಟರ್ ಪ್ರಿಯಂವದಾ ಅವರ ಮುಂದೆ ಕಡತ ತೆರೆದಿತ್ತು. ಹೆಸರು: ಕಾಶಿನಾಥ. ವಯಸ್ಸು: ಹನ್ನೊಂದು. ಗಂಡು. ಮಾಲೀಕರು: ದಾಕ್ಷಾಯಣಿ. ಕಾಶಿನಾಥರು ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು.

"ಇದು ತಪ್ಪಾಗೇದ ನೋಡ್ರಿ. ಮನಿ ಮಂದಿ ಹೆಸರು ಪ್ರಾಣಿ ಜಾಗಾದಾಗ ಬರದೀರಿ."

"ಇಲ್ಲ ಸಾರ್, ನಾನೇ ಬರ್ಕೊಂಡಿದ್ದು, ಚೆನ್ನಾಗಿ ನೆನಪಿದೆ. ಹೆಸರೇನಮ್ಮ ಅಂದ್ರೆ ಒಂದ್ಸಲಕ್ಕೆ ಹೇಳ್ಲೇ ಇಲ್ಲ. ಸೆರಗು ಬಾಯಿಗಿಟ್ಕೊಂಡ್ರು. ಆಮೇಲೆ ಅದೇನೋ ಪದ್ಯದ ಥರ, ಮೆಲ್ಲಕ ಬರ್ತಾರ, ಬಿಡದಂಗ ಬರ್ತಾರ, ಹೀಗೇನೋ ಹೇಳಿ ಕೊನೇಲಿ ಕಾಶಿನಾಥ ಅಂದ್ರು."

ಪದ್ಯವಲ್ಲ, ಒಡಪು. ಉತ್ತರ ಕರ್ನಾಟಕದ ಕಡೆ ಹೆಂಗಸು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಎಂಬ ಪ್ರಾಸದ ಒಗಟಿನೊಳಗೆ ಹೆಣೆದು ಹೇಳುತ್ತಾಳೆ. ಕಾಶಿನಾಥರಿಗೆ ಇದು ಗೊತ್ತು. ಆದರೆ ಆಮೆಗೆ ಯಾರಾದರೂ ಒಡಪು ಹೇಳುತ್ತಾರೆಯೇ?

ದಾಕ್ಷಾಯಣಿ ಹೋದದ್ದನ್ನು, ಅಂದಿನಿಂದ ಆಮೆ ಏನೂ ಮುಟ್ಟದ್ದನ್ನು ಕಾಶಿನಾಥರು ಹೇಳಿದರು. ಡಾಕ್ಟರು ಆಮೆಯನ್ನು ತೂಗಿದರು, ಬಾಯಿ ತೆರೆಸಿ ನೋಡಿದರು. "ಕಾಯಿಲೆ ಏನೂ ಕಾಣ್ತಿಲ್ಲ. ಇವಕ್ಕೆ ನಮ್ಮ ಥರ ದುಃಖ ಇದೆಯೋ ಇಲ್ವೋ, ಓದಿದೋಳಾಗಿ ನನಗೂ ಗೊತ್ತಿಲ್ಲ. ಅಭ್ಯಾಸ ತಪ್ಪಿದೆ, ಅದು ನಿಜ. ಅಮ್ಮ ಹೆಸರು ಹಿಡಿದು ಕರೆದ್ರೆ ಈ ಟೇಬಲ್ ಕೆಳಗಿಂದ ಬರ್ತಿತ್ತು. ನೀವೂ ಹಾಗೇ ಕರೀರಿ. ದಾಸವಾಳ ಇಷ್ಟ ಅದಕ್ಕೆ. ಶುಕ್ರವಾರದೊಳಗೆ ತಿನ್ನದಿದ್ರೆ ಗಂಟಲಿಗೆ ನಳಿಗೆ ಹಾಕ್ಬೇಕಾಗುತ್ತೆ. ಇಷ್ಟು ಸೊರಗಿದ್ದು ಅದನ್ನ ತಡ್ಕೊಳುತ್ತೆ ಅಂತ ನಾನು ಹೇಳಲಾರೆ." ಆಮೇಲೆ ಪೆನ್ನು ತೆಗೆದುಕೊಂಡು, "ಮಾಲೀಕರ ಹೆಸರು ಬದಲಾಯಿಸ್ಬೇಕಲ್ಲ. ನಿಮ್ಮ ಹೆಸರು ಸಾರ್?" ಎಂದರು.

ಕಾಶಿನಾಥರು ಕಡತದಲ್ಲಿದ್ದ ಆ ಹೆಸರನ್ನು ಮತ್ತೊಮ್ಮೆ ನೋಡಿದರು.

"ಪಾಟೀಲ ಅಂತ ಬರೀರಿ," ಎಂದರು.

ಆಟೋದಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವರಿಗೆ ದಾರಿಯುದ್ದಕ್ಕೂ ಅದೇ ಯೋಚನೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ದಾಕ್ಷಾಯಣಿ ಅವರ ಹೆಸರು ಹೇಳಿದ್ದನ್ನು ಅವರು ಕೇಳಿದ್ದು ಎರಡೇ ಸಲ, ಎರಡು ಸಲವೂ ಒಡಪಿನಲ್ಲಿ. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವಳು. ಮತದಾರರ ಪಟ್ಟಿಯವರು ಬಂದು ಗಂಡನ ಹೆಸರು ಕೇಳಿದರೆ ಪಕ್ಕದ ಮನೆಯ ಗೋದಾಳನ್ನು ಕರೆದು ಹೇಳಿಸುತ್ತಿದ್ದಳು. ಅಂಥವಳು ಈ ಚಿಪ್ಪಿನ ಪ್ರಾಣಿಗೆ ಆ ಹೆಸರಿಟ್ಟದ್ದು ಯಾಕೆ? ಅಣಕಕ್ಕೋ? ತಾವೂ ನಿಧಾನದ ಮನುಷ್ಯರೇ, ನಿಜ. ಇಲ್ಲವೇ, ಕಾರ್ಖಾನೆಯಿಂದ ನಿವೃತ್ತರಾದ ಮೇಲೂ ದಿನಾ ಹತ್ತರಿಂದ ಐದರವರೆಗೆ ಶೆಟ್ಟಿಹಳ್ಳಿಯ ಬಸವ ಮಂಟಪದಲ್ಲಿ ವಚನ ಹೇಳಿಕೊಡುತ್ತ ಕೂರುವ ಗಂಡನಿಗೆ ಬದಲಾಗಿ ಮನೆಯಲ್ಲೊಬ್ಬ ಇರಲಿ ಎಂದೋ? ಒಂದು ಉತ್ತರ ಸರಿಯೆನಿಸುವಷ್ಟರಲ್ಲಿ ಇನ್ನೊಂದು ಅದನ್ನು ತಳ್ಳಿಹಾಕುತ್ತಿತ್ತು. ಕೇಳೋಣವೆಂದರೆ ಕೇಳಬೇಕಾದವಳೇ ಇಲ್ಲ.

ಬುಧವಾರ ಹಿತ್ತಲಿನಲ್ಲಿ ನಿಂತು ಗಂಟಲು ಸರಿಮಾಡಿಕೊಂಡು ಕರೆದರು: "ಕಾಶಿನಾಥ." ಶಾಲೆಯಲ್ಲಿ ಹಾಜರಿ ಕೂಗಿದಂತೆ ಕೇಳಿಸಿತು. ಇನ್ನೂ ಜೋರಾಗಿ, "ಕಾಶಿನಾಥಾ, ಬಾ ಇಲ್ಲಿ!"

ಕಾಂಪೌಂಡಿನ ಆಚೆ ಗೋದಾಳ ಗಂಡ ಸೇತುರಾಮ ಗಿಡಕ್ಕೆ ನೀರು ಹಾಕುತ್ತಿದ್ದರು. "ಏನ್ ಸಾರ್, ನಿಮ್ಮನ್ನ ನೀವೇ ಹುಡುಕ್ತಾ ಇದ್ದೀರಾ?" ಎಂದುಬಿಟ್ಟು, ಆಡಬಾರದ ಮಾತಾಯಿತೇನೋ ಎಂದು ಪೈಪು ನಿಲ್ಲಿಸಿ, "ತಿಂಡಿ ಆಯ್ತಾ ಸಾರ್? ನಮ್ಮನೇಗೇ ಬಂದ್ಬಿಡಿ," ಎಂದು ಸೇರಿಸಿದರು.

ಗುರುವಾರ ತಮ್ಮ ತಾಯಿ ಕರೆಯುತ್ತಿದ್ದ ಹಾಗೆ "ಕಾಶೀ, ಏ ಕಾಶೀ" ಎಂದು ಕರೆದರು. ಡ್ರಮ್ಮಿನ ಹಿಂದೆ ಮೊಣಕಾಲೂರಿ ಬೇಡಿಕೊಂಡರು. ಚಿಪ್ಪು ಕಲ್ಲಿನ ಹಾಗೆ ಬಿದ್ದಿತ್ತು. ತಟ್ಟೆಯಲ್ಲಿಟ್ಟ ದಾಸವಾಳ ಮಧ್ಯಾಹ್ನದ ಹೊತ್ತಿಗೆ ಮುದುಡಿತು. ಸಂಜೆ ಈರವ್ವನ ಮುಂದೆ ಕೂತು, ಅದುವರೆಗೆ ಮುಚ್ಚಿಟ್ಟಿದ್ದ ಕಡತದ ಸಂಗತಿಯನ್ನು ಹೇಳಿದರು.

ಈರವ್ವ ನಕ್ಕರು. ತಂಗಿ ಹೋದ ಮೇಲೆ ಅವರು ನಕ್ಕಿದ್ದು ಅದೇ ಮೊದಲು; ನಗುತ್ತಲೇ ಕಣ್ಣೊರೆಸಿಕೊಂಡರು.

"ಅಯ್ಯ ಶಿವನ, ಇದರದಾ ಆ ಹೆಸರು? ಮಧ್ಯಾಹ್ನದಾಗ ಫೋನ್ ಮಾಡಿದಾಗೆಲ್ಲಾ ಮಾತಿನ ನಡುವ, 'ಕಾಶೀನಾಥ್ರೀ, ಅತ್ತಾಗ ಸರೀರಿ, ಕಾಲಾಗ ಬರಬ್ಯಾಡ್ರಿ' ಅಂತಿದ್ಲು. ನಾ ಹೌಹಾರಿದ್ದೆ. ಈಕಿ ಬೆಂಗಳೂರಿಗೆ ಹೋಗಿ ಗಂಡನ ಹೆಸರು ಹಿಡ್ಯಾಕ ಹತ್ಯಾಳ ಅಂತ. ಆದ್ರೂ ರೀ ಹಚ್ಚಿ ಕರೀತಾಳ, ಇರ್ಲಿ ಬಿಡು, ಅಂತ ಸುಮ್ಮನಾದೆ."

"ರೀ ಹಚ್ಚಿ ಕರೀತಿದ್ಲಾ?"

"ಮತ್ತ? ಆ ಹೆಸರು ಬೋಳು ಬೋಳಾಗಿ ಕರ್ಯಾಕ ಆಕೀಗೆ ನಾಲಿಗಿ ಏಳ್ತಿತ್ತೇನು? ಆಮಿಯಾದ್ರೇನು, ಹೆಸರು ನಿಮ್ಮದಲ್ಲೇನು?"

"ಅಣಕಕ್ಕ ಇಟ್ಟಿದ್ಲೇನು, ಅಕ್ಕಾರ?"

ಈರವ್ವ ದಾಸವಾಳದ ತಟ್ಟೆ ಎತ್ತಿಕೊಂಡು ಎದ್ದರು. "ನನಗ ತಿಳೀವಲ್ದು," ಎಂದರು.

ಶುಕ್ರವಾರ ಬೆಳಿಗ್ಗೆ ಕಾಶಿನಾಥರು ಸ್ನಾನ ಮಾಡಿ, ಪೂಜೆಗೆಂದು ದಾಸವಾಳ ಕೊಯ್ದುಕೊಂಡು ಬುಟ್ಟಿ ಹಿಡಿದು ಒಳಗೆ ಹೊರಟವರು ಹಾಗೆಯೇ ನಿಂತರು. ಕಾಂಪೌಂಡಿನ ಆಚೆ ಯಾರೂ ಇಲ್ಲವೆಂದು ನೋಡಿಕೊಂಡು ಒಗೆಯುವ ಕಲ್ಲಿನ ಮೇಲೆ ಕೂತರು.

"ಕಾಶೀನಾಥ್ರೀ," ಎಂದರು. "ಬರ್ರಿ. ಊಟಕ್ಕ ಬರ್ರಿ."

ಆಡಿದ ಮೇಲೆ ಆ ಮಾತಿನ ಗುರುತು ಅವರಿಗೇ ಸಿಕ್ಕಿತು. ಅವರು ಮನೆಯಲ್ಲಿದ್ದ ದಿನ ದಾಕ್ಷಾಯಣಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೆಸರಿಲ್ಲದೆ ಕರೆಯುತ್ತಿದ್ದದ್ದು ಇಷ್ಟೇ: ಬರ್ರಿ, ಊಟಕ್ಕ ಬರ್ರಿ. ಇವರು "ಬಂದೆ" ಎಂದು ಪುಸ್ತಕದ ಇನ್ನೆರಡು ಪುಟ ಮುಗಿಸಿ ಏಳುವ ಹೊತ್ತಿಗೆ ಆಮೆ ಹೊಸ್ತಿಲ ಹತ್ತಿರ ಬಂದಿರುತ್ತಿತ್ತು. ಅವಳು ಕರೆಯುತ್ತಿದ್ದದ್ದು ಯಾರನ್ನು?

ಎರಡನೆಯ ಸಲ ಕರೆದರು. ಮೂರನೆಯ ಸಲ ಕರೆಯುವಾಗ ಯಾರಾದರೂ ಕೇಳಿಸಿಕೊಂಡಾರೆಂಬ ಅಂಜಿಕೆಯೂ ಹೋಗಿತ್ತು.

ಡ್ರಮ್ಮಿನ ಹಿಂದೆ ಚಿಪ್ಪು ಗೋಡೆಗೆ ಉಜ್ಜಿದ ಸದ್ದಾಯಿತು. ಮೊದಲು ಒಂದು ಕೆಂಪು ಚುಕ್ಕೆಯ ಕಾಲು, ಆಮೇಲೆ ಕತ್ತು. ಬಿಸಿಲಿಗೆ ಬಂದು ನಿಂತಿತು. ಮತ್ತೆ ನಾಲ್ಕು ಹೆಜ್ಜೆ. ಕಾಶಿನಾಥರ ಪಾದದ ಬಳಿ ಬಂದು, ಅವರ ಹೆಬ್ಬೆರಳಿನ ಮೇಲೆ ಗಲ್ಲವಿಟ್ಟು, ತಲೆಯೆತ್ತಿ ಮುಖ ನೋಡಿತು. ಹೆಸರಿಗೆ ಬಂತೋ, ಬಿಸಿಲಿಗೆ ಬಂತೋ, ಅವಳು ಕೂರುತ್ತಿದ್ದ ಕಲ್ಲಿನ ಮೇಲೆ ಯಾರೋ ಕೂತದ್ದಕ್ಕೆ ಬಂತೋ, ಅವರಿಗೆ ತಿಳಿಯಲಿಲ್ಲ. ಪೂಜೆಯ ಬುಟ್ಟಿಯಿಂದ ಒಂದು ಹೂ ತೆಗೆದು ಬಾಯಿಗೆ ಹಿಡಿದರು. ಆಮೆ ಮೂಸಿತು, ಮುಖ ತಿರುಗಿಸಿತು, ಮತ್ತೆ ಮೂಸಿ ಒಂದು ದಳವನ್ನು ಕಚ್ಚಿ ಎಳೆಯಿತು.

"ಏನಾತ್ರೀ?" ಎಂದು ಒಳಗಿನಿಂದ ಈರವ್ವ ಕೇಳಿದರು.

"ಬಂದಾರ ಅಕ್ಕಾರ."

"ಯಾರು ಬಂದಾರ?"

ಕಾಶಿನಾಥರು ಬುಟ್ಟಿಯಿಂದ ಇನ್ನೊಂದು ಹೂ ತೆಗೆದರು.