ಅವ್ವನ ಕಣ್ಣಿನ ಹಾಳೆ

ಪುಸ್ತಕ ತೆರೆದ ಸುರೇಖಾಗೆ ಮೈಯೆಲ್ಲ ಉರಿದುಹೋಯಿತು. ಒಂದು ಹಾಳೆಯಲ್ಲಿ ಮುಖವಿರಬೇಕಾದ ಕಡೆ ಚೌಕಾಕಾರದ ತೂತಿತ್ತು.

ಬ್ಯಾಡಗಿಯಲ್ಲಿ ಜಂಪರು ಹೊಲಿದು ಬದುಕುವ ಈ ಹೆಣ್ಣುಮಗಳಿಗೆ ಇದ್ದದ್ದು ಒಂದೇ ಹುಚ್ಚು. ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಪ್ರಿಂಟ್ ಹಾಕಿಸಿ, ಕತ್ತರಿಸಿ, ಸುತ್ತ ಬಟ್ಟೆಯ ಚೂರು, ಬಸ್ಸಿನ ಟಿಕೀಟು, ಮೆಣಸಿನಕಾಯಿ ತೊಟ್ಟು ಅಂಟಿಸಿ ದಪ್ಪ ಪುಸ್ತಕ ತುಂಬುವುದು. ಮಾರುವುದಕ್ಕಲ್ಲ, ಯಾರಿಗೂ ತೋರಿಸುವುದಕ್ಕೂ ಅಲ್ಲ. ಈಗ ತೂತು ಬಿದ್ದ ಹಾಳೆಯಲ್ಲಿದ್ದ ಚಿತ್ರದಲ್ಲಿ ಮೂಗಿನಿಂದ ಕೆಳಗಷ್ಟೇ ಅವಳ ಮುಖ. ಮೇಲಿನ ಅರ್ಧ ತೀರಿಹೋದ ಅವ್ವ ನೀಲಗಂಗವ್ವನದು. ಅವ್ವನ ಹರೆಯದ ಫೋಟೊ ಮನೆಯಲ್ಲಿದ್ದದ್ದು ಅದೊಂದೇ. ಅದಕ್ಕೆ ಕತ್ತರಿ ಹಾಕುವ ಧೈರ್ಯ ಬರಲು ಒಂದು ಚಳಿಗಾಲವೇ ಹಿಡಿದಿತ್ತು. ತನ್ನದನ್ನೂ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿ, ಕೂಡಿಸಿದ ಗೆರೆ ಕಾಣದಂತೆ ಕೂಡಿಸಿದ್ದಳು.

"ನನ್ನ ಪುಸ್ತಕಕ್ಕ ಯಾರು ಕೈ ಹಚ್ಚಿದ್ರು?"

"ನಾನಽ," ಎಂದ ಅಣ್ಣ ಕಲ್ಲೇಶ, ಚಹಾ ಕುಡಿಯುತ್ತ. "ರಾಣೆಬೆನ್ನೂರಿನ ಗಂಡಿನ ಕಡೆಯವರು ಫೋಟೊ ಕೇಳಿದ್ರು. ದೇವರ ಮುಂದ ಇಟ್ಟು ಹೂ ಕೇಳತಾರಂತ, ಬಲಕ್ಕ ಬಿದ್ರ ಒಪ್ಪಿಗಿ. ಮೊಬೈಲಿನ ಫೋಟೊ ದೇವರ ಮುಂದ ಹೆಂಗ ಇಡೂದು? ನಿನ್ನ ಪುಸ್ತಕದಾಗ ಅದೊಂದು ಚಲೋ ಬಂದಿತ್ತು, ಕತ್ತರಿಸಿ ಕೊಟ್ಟೆ. ಉಳಿದದ್ದೆಲ್ಲ ಕಸ ಐತಲ್ಲ."

ಕಸವಂತೆ! ಇಂಥ ಗಂಡಸರ ಕಣ್ಣಿಗೆ ಹೆಂಗಸಿನ ಕೈಕೆಲಸ ಒಂದೋ ಕಸ, ಇಲ್ಲವೇ ಬೇಕಾದಾಗ ಎತ್ತಿಕೊಳ್ಳುವ ಸರಕು. ಸುರೇಖಾ ಪುಸ್ತಕ ಮುಚ್ಚಿಟ್ಟಳು. ಗಂಡಿನವರ ಮನೆ ಎಲ್ಲಿದೆಯೆಂದು ಅವನೇ ವಾರದಿಂದ ಹೇಳಿ ಹೇಳಿ ತಲೆ ತಿಂದಿದ್ದ. ಚಪ್ಪಲಿ ಮೆಟ್ಟಿ ನೇರ ಬಸ್ಸು ಹತ್ತಿದಳು.

ನೋಡಲು ಹೋಗಬೇಕಾದ ಹುಡುಗಿ ತಾನೇ ಬಂದು ಹೆಸರು ಹೇಳಿ ಹೊಸ್ತಿಲಲ್ಲಿ ನಿಂತರೆ ಯಾರಿಗೆ ಗಾಬರಿಯಾಗುವುದಿಲ್ಲ? ಗಂಡಿನ ತಾಯಿ ಜಯವ್ವ ಹೇಗೋ ಸಾವರಿಸಿಕೊಂಡು ನಕ್ಕಳು.

"ಬಾರವ್ವಾ, ಕುಂದ್ರು. ದೇವರು ಬಲಕ್ಕ ಹೂ ಕೊಟ್ಟಾನ. ಏನ ಚಂದ ಕಣ್ಣು! ಆ ಕಣ್ಣಿಗೇ ನಾವು ಒಪ್ಪಿದ್ದು."

ದೇವರ ಜಗಲಿಯ ಮೇಲೆ ಫೋಟೊ ಇತ್ತು. ಹಣೆಗೆ ಕುಂಕುಮ ಹಚ್ಚಿದ್ದರು, ಮೂಲೆಗೆ ದೀಪದ ಎಣ್ಣೆ ಇಳಿದಿತ್ತು. ಸುರೇಖಾ ಅತ್ತ ಬೆರಳು ತೋರಿದಳು.

"ಅವು ನನ್ನ ಕಣ್ಣಲ್ಲರೀ, ನಮ್ಮ ಅವ್ವನವು. ಆಕಿ ಸತ್ತು ಭಾಳ ವರ್ಷ ಆತು. ನಿಮ್ಮ ದೇವರು ಹೂ ಕೊಟ್ಟಿದ್ದು ಆಕಿಗೋ ನನಗೋ, ಇನ್ನೊಮ್ಮೆ ಕೇಳಿ ನೋಡ್ರಿ."

ಜಯವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಸುರೇಖಾ ಫೋಟೊ ಎತ್ತಿಕೊಂಡು ಬಂದುಬಿಟ್ಟಳು.

ಅವಳು ಊರು ಮುಟ್ಟುವ ಮೊದಲೇ ಫೋನು ಮುಟ್ಟಿತ್ತು. ನಿಮ್ಮ ತಂಗಿ ದೇವರ ಮುಂದಿನ ಫೋಟೊ ಎತ್ತಿಕೊಂಡು ಹೋದಳು, ಇನ್ನು ಈ ಸಂಬಂಧದ ಮಾತು ಬೇಡ ಎಂದಷ್ಟೇ ಹೇಳಿ ಜಯವ್ವ ಇಟ್ಟುಬಿಟ್ಟಿದ್ದಳು. ಕಲ್ಲೇಶ ಕೆಂಡವಾಗಿದ್ದ.

"ಮಾನ ಕಳದಿ! ಒಂದು ತುಂಡು ಫೋಟೊಕ್ಕ ಸಂಬಂಧ ಮುರಕೊಂಡ ಬಂದಿಯಲ್ಲ!"

ಸುರೇಖಾ ಅದನ್ನು ಅವನ ಮುಖದೆದುರು ಹಿಡಿದಳು. "ಈ ಕಣ್ಣು ಯಾರವು? ನೋಡಿ ಹೇಳು."

ಕಲ್ಲೇಶ ಕೈಗೆ ತೆಗೆದುಕೊಂಡ. ಬೆಳಕಿಗೆ ಹಿಡಿದು ನೋಡಿದ.

"ಯಾರವು ಅಂದ್ರ? ನಿನ್ನವಽ."

ಹಾಸಿಗೆ ಹಿಡಿದ ಅವ್ವನ ಉಚ್ಚೆ, ಹೇಲು ಬಳಿದವಳು ಸುರೇಖಾ. ಅವ್ವ ಮಾತ್ರ ಎಂದೂ ಅವಳತ್ತ ತಿರುಗಿದವಳಲ್ಲ; ಹತ್ತಿರವೇ ಸುಳಿಯದ ಮಗ ಬಂದಾನೇ ಎಂದು ಬಾಗಿಲನ್ನೇ ಕಾಯುತ್ತಿದ್ದಳು. ಆ ಸಿಟ್ಟು ಸುರೇಖಾಗೆ ಇಂದಿಗೂ ಇತ್ತು.

"ಅವ್ವನವು," ಎಂದಳು. "ಸಾಯೂತನಕ ನಿನ್ನ ದಾರೀನಽ ನೋಡಿದ್ವು."

ಅವನ ಕೈಯಿಂದ ಫೋಟೊ ಕಿತ್ತುಕೊಂಡು ಒಳಗೆ ಹೋದಳು.