ಬಾಗಿಲು ಮಾಡಿದವರ ನೋಟಿಸು

ನಮ್ಮ ಅಬ್ದುಲ್ ಹಸೀಬ್ ಭಾಯಿಗೆ ಊರ ಕಡೆಯವರು ಎಂದರೆ ಸಾಕು, ಕರಾರು ಪತ್ರವೂ ಬೇಡ, ಸಾಕ್ಷಿಯೂ ಬೇಡ. ಭಟ್ಕಳದವರು. ಅಬುಧಾಬಿಯ ಮುಸಫ್ಫಾದಲ್ಲಿ ಮರಗೆಲಸದ ವರ್ಕ್‌ಶಾಪ್ ಇಟ್ಟಿದ್ದರು, ಅದರ ಆಫೀಸು ನೋಡಿಕೊಳ್ಳುತ್ತಿದ್ದವಳು ನಾನು, ಕಾರ್ಮಿನ್. 2014ರಲ್ಲಿ ಎಲೆಕ್ಟ್ರಾ ಸ್ಟ್ರೀಟಿನ ಒಂದು ಹೊಸ ಕ್ಲಿನಿಕ್ಕಿಗೆ ಬಾಗಿಲು, ಕಪಾಟು, ಕೌಂಟರು ಎಲ್ಲ ನಾವೇ ಮಾಡಿಕೊಟ್ಟೆವು. ಕೆಲಸ ಕೊಟ್ಟಿದ್ದು ಒಂದು ದೊಡ್ಡ ಕಂಟ್ರಾಕ್ಟ್ ಕಂಪನಿ. ಅದರ ಮ್ಯಾನೇಜರ್ ಶಾಮಸುಂದರ ಕುಂದಾಪುರದವರು, ಭಾಯಿಯ ಮನೆಯ ಬಿರಿಯಾನಿ ಉಂಡವರು. ಕೆಲಸ ಮುಗಿದ ದಿನವೇ ಅವರು ಕೀಲಿ ಕೇಳಿದರು, ಇವರು ಕೊಟ್ಟೂಬಿಟ್ಟರು. ದುಡ್ಡು ಮಾತ್ರ ಬರಲಿಲ್ಲ. ಕ್ಲಿನಿಕ್ಕಿನ ಮಾಲೀಕರೇ ಇನ್ನೂ ಕೊಟ್ಟಿಲ್ಲ ಎಂದು ಶಾಮಸುಂದರ ತಿಂಗಳುಗಟ್ಟಲೆ ಅದೇ ರಾಗ ಹಾಡಿದರು.

ಇತ್ತ ನಮಗೆ ಮರ ಕೊಟ್ಟ ಮೊಯ್ದಿನಬ್ಬ ಅವರ ಕೈಯಲ್ಲಿ, ಮುಂದಿನ ತಾರೀಕು ಹಾಕಿ ಭಾಯಿ ಬರೆದುಕೊಟ್ಟ ಚೆಕ್ಕಿತ್ತು. ಅದು ಗುರುವಾರ ಬ್ಯಾಂಕಿಗೆ ಬೀಳುವುದಿತ್ತು. ಖಾತೆಯಲ್ಲಿ ಹಣವಿಲ್ಲದೆ ವಾಪಸಾದರೆ ಪೊಲೀಸು, ಆಮೇಲೆ ಜೈಲು. ಆ ವರ್ಷಗಳಲ್ಲಿ ಗಲ್ಫಿನ ಸಣ್ಣ ವ್ಯಾಪಾರಿಗಳೆಲ್ಲ ಹೆದರುತ್ತಿದ್ದುದು ಇದಕ್ಕೇ. ಭಾಯಿ ಊಟ ಬಿಟ್ಟಿದ್ದರು. ನನಗೆ ಅವರ ಮೇಲೆ ಕನಿಕರ, ಅದಕ್ಕಿಂತ ಹೆಚ್ಚು ಸಿಟ್ಟು.

ನಾನೇ ಎಳೆದುಕೊಂಡು ಹೋದ ಮೇಲೆ ವಕೀಲರನ್ನು ಕಂಡರು. ಕೀಲಿ ನಿಮ್ಮಲ್ಲೇ ಇದ್ದಿದ್ದರೆ ಕೂಲಿ ಬರುವ ತನಕ ಜಾಗ ಬಿಡುವುದಿಲ್ಲ ಎಂದು ಕೂರಬಹುದಿತ್ತು ಎಂದರು ವಕೀಲರು. ಈಗ ಉಳಿದದ್ದು ಒಂದೇ ದಾರಿ. ಮಾಲೀಕರಿಗೆ ನೇರ ನೋಟಿಸು ಕೊಟ್ಟು, ಕಂಪನಿಗೆ ಹೋಗಬೇಕಾದ ಕೊನೆಯ ಕಂತನ್ನು ತಡೆಯಿರಿ ಎಂದು ಕೇಳಿಕೊಳ್ಳುವುದು. ಶಾಮಸುಂದರ ಬೇಜಾರು ಮಾಡಿಕೊಂಡಾರು ಎಂದು ಭಾಯಿ ಅಲ್ಲೂ ಮೀನಮೇಷ ಎಣಿಸಿದರು. ನಾನು ಪೆನ್ನು ಅವರ ಮುಂದೆ ಹಿಡಿದೆ. ಸಹಿ ಹಾಕಿದರು.

ಮಾಲೀಕರು ಯಾರೆಂದು ನಮಗೆ ಸಂಶಯವೇ ಇರಲಿಲ್ಲ. ಜಾಸಿಂ ಎಂಬವರು ಅರಬರ ಬಿಳಿ ನಿಲುವಂಗಿ ಕಂದೂರ ತೊಟ್ಟು, ಘಮಘಮ ಅತ್ತರು ಬಳಿದುಕೊಂಡು ವಾರವಾರ ಸೈಟಿಗೆ ಬರುತ್ತಿದ್ದರು. ನಮ್ಮ ಬಡಗಿಗಳೆಲ್ಲ ಎದ್ದು ನಿಂತು ಅರ್ಬಾಬ್, ಅರ್ಬಾಬ್ ಎಂದು ಚಹಾ ಕೊಡುತ್ತಿದ್ದರು. ಅರ್ಬಾಬ್ ಎಂದರೆ ಧಣಿ. ಕಂದೂರ ಕಂಡವರನ್ನೆಲ್ಲ ಹಾಗೆ ಕರೆಯುವುದು ಗಲ್ಫಿಗೆ ಹೋದ ನಮ್ಮವರ ಚಾಳಿ. ಭಾನುವಾರ ಅವರ ಕೈಗೇ ನೋಟಿಸು ಕೊಟ್ಟು ಬಂದೆವು. ಸೋಮವಾರ ಶಾಮಸುಂದರ ಫೋನ್ ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಾಸಿಂ ಶಾಮಸುಂದರರ ಕಂಪನಿಯದೇ ನೌಕರ, ಸರಕಾರಿ ಆಫೀಸುಗಳ ಕಾಗದಪತ್ರ ಓಡಿಸುವವನು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದೆವು. ಕಳ್ಳನ ಕೈಗೇ ಬೀಗದ ಕೈ ಕೊಟ್ಟು ಬಂದಿದ್ದೆವು.

ನನಗೆ ಮೈಯೆಲ್ಲ ಉರಿದುಹೋಯಿತು. ಟ್ಯಾಕ್ಸಿ ಹಿಡಿದು ಎಲೆಕ್ಟ್ರಾ ಸ್ಟ್ರೀಟಿಗೆ ಹೋದೆ. ಕಟ್ಟಡ ಕಟ್ಟುವಾಗ ಎದುರಿಗೆ ನಿಲ್ಲಿಸುವ ಮುನಿಸಿಪಾಲಿಟಿಯ ಬೋರ್ಡನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಅಷ್ಟು ತಿಂಗಳು ನಮ್ಮ ಬಡಗಿಗಳು ಅಂಗಿ ನೇತುಹಾಕಿದ್ದು ಅದಕ್ಕೇ. ಅಂಗಿಯ ಹಿಂದೆ ಏನು ಬರೆದಿದೆ ಎಂದು ಒಬ್ಬರೂ ಓದಿರಲಿಲ್ಲ. ಮಾಲೀಕರು: ಮೋಝಾ ಬಿಂತ್ ಸುಹೈಲ್. ವಾಚ್‌ಮನ್ನನ್ನು ಕೇಳಿದರೆ, ವಯಸ್ಸಾದ ವಿಧವೆ, ಬತೀನ್ ಕಡೆ ಮನೆ ಎಂದು ದಾರಿಯನ್ನೂ ಹೇಳಿದ.

ಹೆಂಗಸರೇ ಇರುವ ಮನೆಗೆ ತಾನು ಹೋಗುವ ಹಾಗಿಲ್ಲ ಎಂದು ಭಾಯಿ ತಲೆ ಮೇಲೆ ಕೈಹೊತ್ತು ಕುಳಿತರು. ಅವರ ಹೆಂಡತಿ ಸಾಲಿಹಾ ಭಾಬಿ ಅಡುಗೆಮನೆಯಿಂದಲೇ ಹೇಳಿದರು:

"ನೀವು ಹೋಗುದು ಬೇಡ. ನಾನು, ಕಾರ್ಮಿನ್ ಹೋಗಿ ಬರ್ತೇವೆ."

ಹೆಂಡತಿಯನ್ನು ಬೇಡಲು ಕಳಿಸುವುದೇ ಎಂದು ಭಾಯಿ ಗೊಣಗಿದರು. ಭಾಬಿ ಬುರ್ಖಾ ಹಾಕಿಕೊಂಡು ಹೊರಟಾಗಿತ್ತು. ಅವರು ಹುಟ್ಟಿ ಬೆಳೆದದ್ದು ದುಬೈಯ ನೈಫಿನಲ್ಲಿ. ತಂದೆಯದು ಬಟ್ಟೆ ಅಂಗಡಿ. ತಾಯಿಯ ಜೊತೆ ಥಾನು ಹೊತ್ತುಕೊಂಡು ಅರಬ್ ಹೆಂಗಸರ ಮನೆಮನೆ ಅಲೆದವರು. ಅಂಥವರನ್ನು ಮನೆಯಲ್ಲಿಟ್ಟುಕೊಂಡು ನಾವು ವಕೀಲರ ಬಾಗಿಲು ತಟ್ಟಿದ್ದೆವು. ಹಿತ್ತಲ ಗಿಡ ಮದ್ದಲ್ಲ.

ಮಂಗಳವಾರ ಸಂಜೆ ಮೋಝಾ ಅವರ ಮಜ್ಲಿಸಿನಲ್ಲಿ, ಅತಿಥಿಗಳ ಕೋಣೆಯಲ್ಲಿ, ಕುಳಿತೆವು. ಅಜ್ಜಿ ಸಣಕಲು, ಕಣ್ಣು ಮಾತ್ರ ಬಲು ಚುರುಕು. ಪಕ್ಕದಲ್ಲಿ ಇಬ್ಬರು ಹೆಣ್ಣುಮಕ್ಕಳು. ಕೆಲಸದವಳು ಸಣ್ಣ ಬಟ್ಟಲುಗಳಲ್ಲಿ ಸಕ್ಕರೆಯಿಲ್ಲದ ಅರಬಿ ಕಾಫಿ ಕೊಟ್ಟಳು. ನಾನು ಬಾಯಿಗೆ ತರುವಷ್ಟರಲ್ಲಿ ಭಾಬಿ ನನ್ನ ಮೊಣಕೈ ಒತ್ತಿದರು. ತಮ್ಮ ಬಟ್ಟಲನ್ನು ಕುಡಿಯದೆ ನೆಲದ ಮೇಲಿಟ್ಟರು. ನಾನೂ ಇಟ್ಟೆ. ಮಾತೆಲ್ಲ ಒಮ್ಮೆಲೇ ನಿಂತಿತು. ಏನೋ ಅಪಚಾರವಾಯಿತು, ಇನ್ನು ಹೊರಗೆ ದಬ್ಬುತ್ತಾರೆ ಎಂದುಕೊಂಡೆ.

ಅದು ಅವರ ಹಳೆಯ ಕಾಲದ ಪದ್ಧತಿ ಎಂದು ಭಾಬಿ ಆಮೇಲೆ ಹೇಳಿದರು. ಬೇಡಿಕೆ ಹೊತ್ತು ಬಂದ ಅತಿಥಿ ಕಾಫಿ ಮುಟ್ಟುವುದಿಲ್ಲ. ಅತಿಥಿ ಕುಡಿಯದೆ ಎದ್ದುಹೋದರೆ ಮನೆಯವರ ಮಾನ ಹೋದಂತೆ.

ಅಜ್ಜಿ ಮುಂದಕ್ಕೆ ಬಾಗಿ, ಏನು ಬೇಕು ಹೇಳು ಮಗಳೇ ಎಂದರು. ಭಾಬಿ ಅಳಲಿಲ್ಲ, ಅಂಗಲಾಚಲಿಲ್ಲ. ನನ್ನ ಅರಬಿ ಟ್ಯಾಕ್ಸಿಗೆ ಸಾಕು, ಮಜ್ಲಿಸಿಗೆ ಸಾಲದು. ಆದರೂ ಅವರು ಹೇಳಿದ್ದು ನನಗೆ ತಿಳಿಯಿತು.

"ನಿಮ್ಮ ಕ್ಲಿನಿಕ್ಕಿನ ಬಾಗಿಲುಗಳನ್ನು ನನ್ನ ಗಂಡ ಮಾಡಿದ್ದು. ಕೆಲಸದ ಹಣ ಅವರಿಗೆ ಮುಟ್ಟಿಲ್ಲ. ಗುರುವಾರ ದಾಟಿದರೆ ಅವರು ಜೈಲಿನಲ್ಲಿರುತ್ತಾರೆ. ಕೊನೆಯ ಕಂತು ಕೊಡುವ ಮೊದಲು ಈ ನೋಟಿಸಿನ ಪ್ರತಿ ಓದಿಸಿ."

ದೊಡ್ಡ ಮಗಳು ಗಟ್ಟಿಯಾಗಿ ಓದಿದಳು. ಓದುತ್ತ ಹೋದಂತೆ ಅಜ್ಜಿಯ ಮುಖ ಕೆಂಪಾಯಿತು. ಹಿಂದಿನ ಕಂತುಗಳನ್ನೆಲ್ಲ ಅವರು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರು. ಕೊನೆಯದಕ್ಕೆ ಆ ವಾರವೇ ಸಹಿ ಹಾಕುವವರಿದ್ದರು. ಅಲ್ಲೇ ಕುಳಿತು ಮಗನಿಗೆ ಫೋನ್ ಹಚ್ಚಿಸಿದರು. ಬಡಗಿಯ ಹಣ ಬಡಗಿಗೆ ಮುಟ್ಟಿದ ರಸೀದಿ ತಾರದೆ ಆ ಕಂಪನಿಗೆ ಒಂದು ದಿರ್ಹಮೂ ಇಲ್ಲ, ಖಲಾಸ್ ಎಂದರು. ಆಮೇಲೆ ನಮ್ಮ ಬಟ್ಟಲುಗಳ ಕಡೆ ಕೈ ತೋರಿಸಿದರು. ಆ ಕಹಿ ಕಾಫಿಯನ್ನು ನಾನು ಎರಡು ಸಲ ಹಾಕಿಸಿಕೊಂಡು ಕುಡಿದೆ.

ಬುಧವಾರ ಶಾಮಸುಂದರ ತಾವಾಗಿಯೇ ಮುಸಫ್ಫಾಕ್ಕೆ ಬಂದರು. ಪೂರ್ತಿ ಹಣಕ್ಕೆ ಬ್ಯಾಂಕಿನ ಚೆಕ್ಕು ತಂದಿದ್ದರು. ನಮ್ಮ ನಮ್ಮೊಳಗೆ ಮುಗಿಸಬಹುದಿತ್ತಲ್ಲ ಎಂದು ಮುಖ ಹುಳ್ಳಗೆ ಮಾಡಿಕೊಂಡರು. ನಾನು ರಸೀದಿ ಹರಿದುಕೊಟ್ಟೆ. ಚಹಾ ಬೇಕಾ ಎಂದು ಕೇಳಲಿಲ್ಲ.

ಗುರುವಾರ ಮಧ್ಯಾಹ್ನ ಮೊಯ್ದಿನಬ್ಬ ಅವರ ಫೋನ್ ಬಂತು. ಚೆಕ್ಕು ಪಾಸಾಗಿದೆ. ಭಾಯಿ ಕುರ್ಚಿಯಿಂದ ಎದ್ದರು. ಊಟ ತಂದು ಅಲ್ಲೇ ನಿಂತಿದ್ದ ಭಾಬಿಯ ಕೈಗೆ ಫೋನ್ ಕೊಟ್ಟುಬಿಟ್ಟರು.

"ಪಾಸಾಯ್ತಲ್ಲ, ಒಳ್ಳೇದಾಯ್ತು," ಎಂದರು ಭಾಬಿ. "ಇನ್ನು ಮುಂದಿನ ತಾರೀಕಿನ ಚೆಕ್ಕು ಈ ಆಫೀಸಿಂದ ಬರುದಿಲ್ಲ, ಮೊಯ್ದಿನಬ್ಬ. ಕೆಲಸ ಕೊಡುವವರು ಮೊದಲು ದುಡ್ಡು ಇಡ್ತಾರೆ, ಆಮೇಲೆ ನಾವು ಮರ ತಗೊಳ್ತೇವೆ. ಊರಿನವರಾದರೂ ಅಷ್ಟೇ."

ಹಸೀಬ್ ಭಾಯಿ ಕಣ್ಣೊರೆಸಿಕೊಂಡು, ಹೆಂಡತಿ ಹೇಳಿದ್ದನ್ನು ಹಾಗೇ ಬರೆದು ಗೋಡೆಗೆ ಅಂಟಿಸು ಎಂದು ನನಗೆ ಹೇಳಿದರು.